ವೃದ್ಧ ಸ್ಕೂಟರಿನ ಅರ್ಹತಾಪರೀಕ್ಷೆ: ಒಂದು ಪ್ರಮಾಣವಿಚಾರ

ಸ್ವಂತ ಬಳಕೆಯ ವಾಹನವೊಂದು ಹದಿನೈದು ವರ್ಷಗಳನ್ನು ಪೂರೈಸಿದ ಬಳಿಕ, ಅದು ರಸ್ತೆಯ ಮೇಲೆ ಇನ್ನೂ ಸಂಚರಿಸಲು ಯೋಗ್ಯವೆಂದು ಪರೀಕ್ಷೆಯಿಂದ ಸಿದ್ಧಪಟ್ಟಲ್ಲಿ ಮಾತ್ರ ಅದರ ನೋಂದಣಿಯನ್ನು ಮತ್ತೈದು ವರ್ಷಗಳಿಗೆ ನವೀಕರಿಸತಕ್ಕದ್ದೆಂದು 1988ರ ಮೋಟಾರು ವಾಹನ ಕಾಯಿದೆಯು ವಿಧಿಸುತ್ತದೆ. ಲೋಕವು ಈ ಸಂಸ್ಕಾರವನ್ನು ಎಫ್‌ಸಿ ಎಂದೂ, ಅದನ್ನು ನೆರವೇರಿಸುವ ಅಧಿಕಾರಿಯನ್ನು ಬ್ರೇಕ್ ಇನ್ಸ್‌ಪೆಕ್ಟರ್ ಎಂದೂ ಕರೆಯುವುದು ರೂಢಿ. ಇದರಿಂದ ಹುಟ್ಟುವ ಜ್ಞಾನವು ಪ್ರಮೆಯೋ ಭ್ರಮೆಯೋ ಎಂಬ ಪ್ರಶ್ನೆಯನ್ನು ನಮ್ಮ ನೈಯಾಯಿಕರು ಎತ್ತಿಕೊಳ್ಳಲಿಲ್ಲ. ಅವರ ಕಾಲದಲ್ಲಿ ಬಜಾಜ್ ಚೇತಕ್ ಇರಲಿಲ್ಲವಾಗಿ ಅವರನ್ನು ಕ್ಷಮಿಸಬಹುದು.

ಮೊದಲು ಪ್ರಮೇಯದ ಸ್ವರೂಪ. ಮೋಟಾರುಸೈಕಲ್ಲನ್ನು ಕಂಡರಾಗದ, ವಿಮಾನವಿದ್ಯೆಯಲ್ಲಿ ಪಳಗಿದ ಕೊರಾದಿನೊ ದಾಸ್ಕಾನಿಯೊ ಎಂಬ ಎಂಜಿನಿಯರನು 1946ರಲ್ಲಿ ಇಟಲಿಗೆ ವೆಸ್ಪಾವನ್ನು ಕೊಟ್ಟನು. ಅದರ ಲೈಸೆನ್ಸು ಪಡೆದು ಸ್ಕೂಟರು ತಯಾರಿಸುತ್ತಿದ್ದ ಬಜಾಜಿನವರು, ಆ ಒಪ್ಪಂದ ಮುಗಿದ ಮೇಲೆ, 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿನಿಂದ ಚೇತಕ್ಕನ್ನು ಬೀದಿಗಿಳಿಸಿದರು. ಹಳದಿಘಾಟಿಯಲ್ಲಿ ಕಾಲಿಗೆ ಗಾಯವಾದ ಮೇಲೂ ಆ ಅಶ್ವವು ಒಡೆಯನನ್ನು ಹೊತ್ತೊಯ್ದು ಕಾಪಾಡಿತೆಂಬುದು ಪ್ರತೀತಿ. ಅಂದು ಅದನ್ನು ಎಫ್‌ಸಿಗೆ ನಿಲ್ಲಿಸಿದ್ದಲ್ಲಿ ನಿಸ್ಸಂಶಯವಾಗಿ ಫೇಲಾಗುತ್ತಿತ್ತು. ನಾಮಕರಣ ಮಾಡಿದವರ ದೂರದೃಷ್ಟಿ ಸಾಮಾನ್ಯದ್ದಲ್ಲ.

ಪ್ರಮಾಣಗಳಲ್ಲಿ ಮೊತ್ತಮೊದಲು ಮುರಿದು ಬೀಳುವುದು ಅನುಮಾನ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದು ತರ್ಕಶಾಲೆಯ ಪ್ರಥಮಪಾಠವಷ್ಟೆ. ಆದರೆ ಚಾಮುಂಡಿ ಬೆಟ್ಟದ ಮೇಲೆ ಧೂಮವನ್ನು ಕಂಡು ಅಲ್ಲಿ ವಹ್ನಿಯಿದೆಯೆಂದು ಸಾಧಿಸಹೊರಟ ತಾರ್ಕಿಕನಿಗೆ, ಹತ್ತಿರ ಹೋಗಿ ನೋಡಲಾಗಿ, ಪತ್ನೀಪುತ್ರರನ್ನು ಹೇರಿಕೊಂಡು ಒಂದನೆಯ ಗೇರಿನಲ್ಲಿ ಏರನ್ನೇರುತ್ತಿರುವ ಚೇತಕ್ ಕಾಣಿಸಿದರೆ ಅವನ ಶಾಸ್ತ್ರದ ಗತಿಯೇನು? ಟೂ ಸ್ಟ್ರೋಕ್ ಎಂಜಿನಿನಲ್ಲಿ ಎಣ್ಣೆಯು ಪೆಟ್ರೋಲಿನೊಡನೆ ಬೆರೆತೇ ಒಳಹೊಗುವುದರಿಂದಲೂ, ಹಾಗೆ ಹೊಕ್ಕ ಮಿಶ್ರಣದ ಒಂದಂಶವು ಉರಿಯುವ ಮೊದಲೇ ಹೊರದಾರಿಯಿಂದ ತಪ್ಪಿಸಿಕೊಳ್ಳುವುದರಿಂದಲೂ, ಇಲ್ಲಿ ಧೂಮವು ಉರಿದುದಕ್ಕಿಂತ ಉರಿಯದುದಕ್ಕೇ ಹೆಚ್ಚು ಸಾಕ್ಷಿ. ಇದರ ಮೇಲೆ, ಪಿಸ್ಟನ್ ಜಾಮಾದೀತೆಂಬ ಭಯದಿಂದ ಒಡೆಯನು ಪ್ರತಿಸಲವೂ ಅಳತೆಗಿಂತ ಒಂದಿಷ್ಟು ಹೆಚ್ಚು ಎಣ್ಣೆಯನ್ನು ಹೊಯ್ಯಿಸುತ್ತಾನೆ. ಆದುದರಿಂದ ಆ ನೀಲಿ ಮೇಘದಿಂದ ಎಂಜಿನಿನ ಜೀರ್ಣತೆಯನ್ನು ಊಹಿಸುವುದು ಹೇತ್ವಾಭಾಸ. ಊಹಿಸಬಹುದಾದುದು ಯಜಮಾನನ ವಾತ್ಸಲ್ಯವೊಂದೇ.

ಸರ್ಕಾರವೂ ಇದನ್ನು ಅರಿತಂತಿದೆ. ಹೊಗೆಯ ಸಾಂದ್ರತೆಯನ್ನು ಅಳೆಯುವುದು ಡೀಸೆಲ್ ವಾಹನಗಳಿಗೆ ಮಾತ್ರ. ಪೆಟ್ರೋಲಿನವುಗಳಲ್ಲಿ ಅಳೆಯುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್‌ಗಳನ್ನು. 2000ದ ಮಾರ್ಚಿಗೆ ಮುಂಚಿನ ಸ್ಕೂಟರಿಗೆ ಮೊದಲನೆಯದು ಶೇಕಡಾ 4.5, ಎರಡನೆಯದು ಹತ್ತು ಲಕ್ಷಕ್ಕೆ 9000 ಭಾಗ ಮೀರಕೂಡದು. ಬೀದಿಯವರೆಲ್ಲ ಕೆಮ್ಮುತ್ತ ಕಾಣುವುದನ್ನು ಬಿಟ್ಟು, ಯಾರ ಕಣ್ಣಿಗೂ ಬೀಳದುದನ್ನು ಅನ್ವೇಷಿಸುವ ಈ ಕ್ರಮದಲ್ಲಿ ಒಂದು ಔಪನಿಷದಿಕ ಗಾಂಭೀರ್ಯವುಂಟು. ಅದಲ್ಲದೆ ಈ ಮಾಪನವು ವಾಹನವು ನಿಂತಲ್ಲೇ ನಿಂತು ಐಡ್ಲಿಂಗಿನಲ್ಲಿರುವಾಗ ನಡೆಯತಕ್ಕದ್ದು. ಅದಕ್ಕೆ ಸ್ವಲ್ಪ ಮುಂಚೆ ಮೆಕ್ಯಾನಿಕ್ಕನು ಕಾರ್ಬುರೇಟರಿನ ಸ್ಕ್ರೂವನ್ನು ತಿರುವಿ ಮಿಶ್ರಣವನ್ನು ತೆಳುಮಾಡುವನು, ಚೀಟಿ ಕೈಸೇರಿದ ಕೂಡಲೇ ಮೊದಲಿನಂತೆ ತಿರುವುವನು. ಓಡುವ ಸ್ಕೂಟರನ್ನು ಯಾರೂ ಪರೀಕ್ಷಿಸಲಿಲ್ಲ, ಪರೀಕ್ಷಿತವಾದ ಸ್ಕೂಟರು ಎಂದೂ ಓಡಲಿಲ್ಲ.

ಪ್ರತ್ಯಕ್ಷವಾದರೂ ನಂಬತಕ್ಕದ್ದೇ ಎಂದರೆ, ಅದೂ ಅಲ್ಲ. ಈ ಸ್ಕೂಟರಿಗೆ ಪ್ರತ್ಯೇಕವಾದ ಚೌಕಟ್ಟಿಲ್ಲ. ಒತ್ತಿ ಬಾಗಿಸಿದ ಉಕ್ಕಿನ ತಗಡೇ ಅದರ ಚರ್ಮ, ಅದೇ ಅದರ ಅಸ್ಥಿ. ಅನ್ಯ ವಾಹನಗಳಲ್ಲಿ ಹಲವೆಡೆ ಸೌಂದರ್ಯಹಾನಿಯಷ್ಟೇ ಆಗಿರುವ ತುಕ್ಕು ಇಲ್ಲಿ ನೇರವಾಗಿ ಮೂಳೆಯ ರೋಗ. ಕಾಲಿಡುವ ತಳಭಾಗವು ತಿಂದುಹೋದಲ್ಲಿ ಮುಂಚಕ್ರಕ್ಕೂ ಹಿಂಚಕ್ರಕ್ಕೂ ಇರುವ ದಾಂಪತ್ಯವೇ ಸಂದಿಗ್ಧವಾಗುತ್ತದೆ. ಆದರೆ ಅಧಿಕಾರಿಯ ಇಂದ್ರಿಯಕ್ಕೆ ಗೋಚರಿಸುವುದು ರಬ್ಬರಿನ ಮ್ಯಾಟು, ಅದರ ಕೆಳಗೆ ಹೊಸ ಬಣ್ಣ, ಅದರ ಕೆಳಗೆ ಪಟ್ಟಿ. ದೀಪದ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು: ಬ್ಯಾಟರಿಯಿಲ್ಲದ ಹಳೆಯ ಮಾದರಿಗಳಲ್ಲಿ ಎಂಜಿನ್ ತಿರುಗಿದಷ್ಟೇ ಬೆಳಕು ಬರುವುದರಿಂದ, ‘ಲೈಟ್ ಹಾಕ್ರಿ’ ಎಂದೊಡನೆ ಒಡೆಯನು ಆಕ್ಸಿಲರೇಟರನ್ನು ಪೂರ್ತಿ ತಿರುವುತ್ತಾನೆ, ಉತ್ತೀರ್ಣವಾಗುವುದು ಅವನ ಮಣಿಕಟ್ಟು.

ಆಪ್ತವಾಕ್ಯದ ವಿಷಯವಾಗಿ ಹೆಚ್ಚು ಬರೆಯಬೇಕಾದುದಿಲ್ಲ. ಕಚೇರಿಯ ಹೊರಗಿನ ಬ್ರೋಕರನು ‘ಗಾಡಿ ಕಂಡೀಷನ್ ಆಗಿದೆ ಸಾರ್’ ಎಂದರೆ ಅದು ಶಬ್ದವೇ, ಪ್ರಮಾಣವೇ ಎಂದು ಪಾಠಕರು ನಿರ್ಧರಿಸಲಿ.

ಬ್ರೇಕಿನ ವಿಷಯ ಬಂದಾಗ ಮೀಮಾಂಸಕರ ಅರ್ಥಾಪತ್ತಿಗೆ ಶರಣುಹೋಗದೆ ಗತ್ಯಂತರವಿಲ್ಲ. ಹಗಲು ಉಣ್ಣದ ದೇವದತ್ತನು ದಪ್ಪಗಿರುವನಾದರೆ ರಾತ್ರಿ ಉಣ್ಣುತ್ತಿರಲೇಬೇಕೆಂದು ಅವರು ಕಲ್ಪಿಸಿದರು. ಆ ದೇವದತ್ತನೇ ಚೇತಕ್ಕಿನ ಒಡೆಯನಾಗಿ, ಸವೆದ ಬ್ರೇಕ್ ಶೂಗಳೊಡನೆ ಇಷ್ಟು ವರ್ಷ ಪೇಟೆಯಲ್ಲಿ ಸಂಚರಿಸಿಯೂ ಅಕ್ಷತನಾಗಿರುವುದಾದರೆ, ಅವನನ್ನು ನಿಲ್ಲಿಸುತ್ತ ಬಂದಿರುವ ಬೇರೊಂದು ಶಕ್ತಿಯನ್ನು ಕಲ್ಪಿಸಲೇಬೇಕು: ಅದು ಗೇರಿಳಿಸುವ ಎಡಗೈಯೋ, ನೆಲಕ್ಕುಜ್ಜುವ ಚಪ್ಪಲಿಯೋ, ಎದುರಿನವನ ಸದ್ಬುದ್ಧಿಯೋ. ಪರೀಕ್ಷೆಯ ಹಿಂದಿನ ರಾತ್ರಿ ಕೇಬಲ್ಲಿನ ನಟ್ಟನ್ನು ಕೈಲಾದಷ್ಟು ಬಿಗಿಯಲಾಗುವುದರಿಂದ ಅಧಿಕಾರಿಗೆ ಇದಾವುದೂ ತಿಳಿಯದು.

‘ಬ್ರೇಕ್ ಹಿಡಿಯುತ್ತೇನ್ರೀ?’

‘ಹಿಡ್ಕೊಂಡೇ ಇದೆ ಸಾರ್. ಬಿಡೋದೇ ಇಲ್ಲ.’

ಇಷ್ಟೆಲ್ಲದರ ನಡುವೆ ಸಂಶಯಕ್ಕೆ ಆಸ್ಪದವಿಲ್ಲದುದು ಚಾಸಿ ನಂಬರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡೆದ ಅಚ್ಚನ್ನು ಅರ್ಜಿಗೆ ಅಂಟಿಸಬೇಕು. ಸಿಲಿಂಡರು, ಚಕ್ರ, ಸೀಟು, ಡೂಮುಗಳೆಲ್ಲ ಜನ್ಮಾಂತರಗಳನ್ನು ಕಂಡರೂ ಈ ಅಂಕಿಗಳು ಮಾತ್ರ ನಿರ್ವಿಕಾರ. ಅದ್ವೈತಿಗಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಉಳಿದದ್ದು ಕನ್ನಡಿ. ಸ್ವಂತದ್ದು ಎಂದೋ ಮುರಿದಿರುವುದರಿಂದ, ಆ ದಿನದ ಮಟ್ಟಿಗೆ ಗ್ಯಾರೇಜಿನವನು ತನ್ನ ಡಬ್ಬದಿಂದ ಒಂದನ್ನು ತೆಗೆದು ಸಿಕ್ಕಿಸಿರುತ್ತಾನೆ. ಇವುಗಳ ಸಿಂಧುತ್ವದ ಅವಧಿಯನ್ನು ಹೀಗೆ ನಿರ್ಣಯಿಸಬಹುದು: ಹೊಗೆಯ ಚೀಟಿಗೆ ಆರು ತಿಂಗಳು, ನೋಂದಣಿಗೆ ಐದು ವರ್ಷ, ಕನ್ನಡಿಗೆ ಸಾಲಿನಲ್ಲಿ ಹಿಂದೆ ನಿಂತಿರುವ ಸ್ಕೂಟರಿನವನು ಬಂದು ಕೇಳುವವರೆಗೆ.