ತಟ್ಟೆ ಇಡ್ಲಿಯವರು ಬಂದರು ನೋಡಿದ್ದು

ಸಮುದ್ರವಿಲ್ಲದ ಸೀಮೆಯವರಾದ ನಮಗೆ ಮಂಗಳೂರು ಮೊದಲು ಕಾಣಿಸುವುದು ತಲೆಯ ಮೇಲೆ. ಬಿಡದಿ, ಮಾಗಡಿ, ಕನಕಪುರದ ಕಡೆ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದವನು ಒಂದು ಕಾಲಕ್ಕೆ ಅನುಕೂಲಸ್ಥ ಅನ್ನಿಸಿಕೊಳ್ಳುತ್ತಿದ್ದ. ಹೆಣ್ಣು ಕೊಡುವವರು ಮೊದಲು ಸೂರು ನೋಡಿ ಆಮೇಲೆ ಹುಡುಗನನ್ನು ನೋಡುತ್ತಿದ್ದರು. ಅಟ್ಟ ಹತ್ತಿದರೆ ಕೆಲವು ಹೆಂಚುಗಳ ಮೈಮೇಲೆ ಇಂಗ್ಲಿಷಿನಲ್ಲಿ ಒತ್ತಿದ ಅಕ್ಷರ ಕಾಣುತ್ತಿತ್ತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಅದು ಕಾರ್ಖಾನೆ ಶುರುವಾದ ಇಸವಿ. ಆದರೆ ಹೆಂಚು ಉಳ್ಳವರೆಲ್ಲ ತಮ್ಮ ಮನೆಯೇ 1865ರದ್ದೆಂದು ಹೇಳಿಕೊಂಡು ಓಡಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಅಂಥ ವಿಕ್ಟೋರಿಯಾ ರಾಣಿ ಕಾಲದ ಮನೆಗಳು ನಾಲ್ಕೈದಿದ್ದವು. ಅದರಲ್ಲೊಂದರ ಗೃಹಪ್ರವೇಶದ ಊಟ ನಾನೇ ಉಂಡಿದ್ದೇನೆ.

ಆ ಹೆಂಚಿನ ಊರನ್ನು ನೆಲದ ಮೇಲೆ ನಿಂತು ನೋಡುವ ಯೋಗವನ್ನು ನಮ್ಮ ಚಿಕ್ಕಪ್ಪನಿಗೆ ಒದಗಿಸಿಕೊಟ್ಟದ್ದು ಎಕ್ಸ್‌ಪ್ರೆಸ್‌ವೇ. ಬಿಡದಿಯಲ್ಲಿ ಹಳೇ ಮೈಸೂರು ರಸ್ತೆಯ ಪಕ್ಕ ಅವರದೊಂದು ತಟ್ಟೆ ಇಡ್ಲಿ ಹೋಟೆಲು. ಬೆಂಗಳೂರಿನವರು ಮನೆಯಲ್ಲಿ ತಿಂಡಿ ತಿನ್ನದೆ ಮೈಸೂರಿಗೆ ಹೊರಡುವುದು, ಬಿಡದಿಯಲ್ಲಿ ಕಾರು ನಿಲ್ಲಿಸಿ ಬೆಣ್ಣೆ ಕರಗುತ್ತಿರುವ ಇಡ್ಲಿ ತಿಂದು ಕೈ ಒರೆಸಿಕೊಂಡು ಹೋಗುವುದು ಭೂಮಿ ತಿರುಗುವಷ್ಟೇ ಖಾತ್ರಿಯ ಸಂಗತಿಯೆಂದು ಅವರು ನಂಬಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿಗೊಂದು ಬೈಪಾಸು, ರಾಮನಗರ ಚನ್ನಪಟ್ಟಣ ಎರಡಕ್ಕೂ ಸೇರಿ ಇನ್ನೊಂದು. ಕಾರುಗಳು ಊರಾಚೆಯೇ ಬುರ್ರೆಂದು ಹೋಗತೊಡಗಿದವು. ಇಡ್ಲಿ, ಬೊಂಬೆ, ಮದ್ದೂರು ವಡೆ ಎಲ್ಲಕ್ಕೂ ಒಟ್ಟಿಗೇ ಗ್ರಹಣ ಹಿಡಿಯಿತು.

"ಅಂಗ್ಡಿ ತೆಗ್ದಾಗಿಂದ ಭಾನ್ವಾರ ಅಂದ್ರೆ ಏನೂಂತ ಕಂಡಿರ್ನಿಲ್ಲ ಕಣ್ಲಾ. ಈಗ ಸೋಮ್ವಾರನೂ ಭಾನ್ವಾರನೇ" ಅಂದರು ಚಿಕ್ಕಪ್ಪ. ಬಿಡುವು ಸಿಕ್ಕ ಹೋಟೆಲಿನವನು ಮಾಡುವುದೊಂದೇ ಕೆಲಸ, ಬೇರೆ ಊರಿನ ಹೋಟೆಲು ನೋಡುವುದು. ಸಮುದ್ರ ಎಂಬುದು ನೆಪ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಟ್ಟದಲ್ಲಿ 57 ಸುರಂಗಗಳಿವೆ ಎಂದು ನಾನು ಹೇಳಿದ್ದೇ ತಪ್ಪಾಯಿತೇನೋ, ಒಂದೊಂದನ್ನೂ ಎಣಿಸಿ ತಾಳೆ ನೋಡುತ್ತೇನೆಂದು ಮಂಗಳೂರಿಗೆ ಹೋಗುವ ರಾತ್ರಿಯ ರೈಲಿನಲ್ಲಿ ಕಿಟಕಿ ಪಕ್ಕ ಪಟ್ಟಾಗಿ ಕೂತವರು ಹಾಸನ ದಾಟುವ ಮುಂಚೆಯೇ ಗೊರಕೆ ಶುರು ಮಾಡಿದರು. ರೈಲ್ವೆಯವರ ಲೆಕ್ಕ ಹಾಗೇ ಉಳಿಯಿತು.

ಮಂಗಳೂರಿನಲ್ಲಿ ಬೆಳಿಗ್ಗೆ ಮೊದಲು ಹೊಕ್ಕದ್ದು ಒಂದು ಸಣ್ಣ ಹೋಟೆಲು. ಚಿಕ್ಕಪ್ಪ ಬೋರ್ಡು ನೋಡುವವರಲ್ಲ, ಮೂಗು ತೋರಿಸಿದ ಕಡೆಗೆ ಹೋಗುವವರು.

"ಎಂತ ಕೊಡ್ಲಿ? ಮೂಡೆ ಉಂಟು, ಬನ್ಸ್ ಉಂಟು, ಗೋಳಿಬಜೆ ಈಗ ಆಗ್ತಾ ಉಂಟು" ಅಂದ ಹುಡುಗ.

"ಇಡ್ಲಿ ಇಲ್ವೇನಪ್ಪಾ?"

"ಮೂಡೆ ಅಂದ್ರೆ ಇಡ್ಲಿಯೇ ಅಣ್ಣ. ಎಲೆಯಲ್ಲಿ ಬೇಯಿಸುದು."

ಮೂಡೆ ಬಂತು. ಗೇಣುದ್ದಕ್ಕಿಂತ ತುಸು ಕಡಿಮೆ ಇದ್ದ ಹಸಿರು ಕೊಳವೆ. ಮುಳ್ಳು ಸವರಿದ ಮುಂಡಕದ ಎಲೆಯನ್ನು ಬೆಂಕಿಯಲ್ಲಿ ಬಾಡಿಸಿ, ಸುರುಳಿ ಸುತ್ತಿ, ಸಂದಿ ಬಿಡದಂತೆ ಸಣ್ಣ ಕಡ್ಡಿ ಚುಚ್ಚಿ, ಒಳಗೆ ಹಿಟ್ಟು ಹೊಯ್ದು ಹಬೆಯಲ್ಲಿ ನಿಲ್ಲಿಸುತ್ತಾರೆ. ಚಿಕ್ಕಪ್ಪ ತಿನ್ನಲಿಲ್ಲ. ಮೊದಲು ತಿರುಗಿಸಿ ನೋಡಿದರು. ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟರು. ಎಲೆಯ ಸುರುಳಿ ಬಿಚ್ಚಿದಂತೆ ಬಿಳಿಯ ಮೈಮೇಲೆ ಎಲೆಯ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಆಮೇಲೆ ಬೆರಳಿನಿಂದ ಒತ್ತಿ, ಅದು ಮತ್ತೆ ಮೇಲೇಳುವುದನ್ನು ಕಾದು, ಕೊನೆಗೆ ಒಂದು ತುಂಡು ಮುರಿದರು. ಇಷ್ಟು ಹೊತ್ತಿಗೆ ನನ್ನ ಎರಡನೆಯ ಮೂಡೆ ಮುಗಿದಿತ್ತು.

"ಒಂದೊಂದಕ್ಕೂ ಎಲೆ ಸುತ್ಕೊಂಡು ಕೂತ್ರೆ ಯಾವಾಗ ಯಾಪಾರ ಮಾಡದು? ನಾನು ಅಷ್ಟೊತ್ಗೆ ನೂರು ತಟ್ಟೆ ಇಳಿಸ್ತೀನಿ" ಅಂದರು. ಸೋತೆ ಅನ್ನುವುದನ್ನು ಹೋಟೆಲಿನವರು ಹೇಳುವುದು ಹೀಗೆಯೇ. ಇನ್ನೆರಡು ಹೇಳಿದರು. ಹೊರಡುವಾಗ ಬಿಚ್ಚಿಟ್ಟಿದ್ದ ಒಂದು ಎಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡದಂತೆ ಇದ್ದೆ.

ಮಂಗಳೂರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವು. ಒಂದೊಂದಕ್ಕೂ ಒಂದು ಹೆಸರು, ಒಂದು ಸೀಟಿ, ಬಾಗಿಲಲ್ಲಿ ಜೋತುಬಿದ್ದ ಒಬ್ಬ ಕಂಡಕ್ಟರು. ಎಲ್ಲಿಂದ ಹತ್ತಿದರೂ ಅವನು ಕೂಗುವುದು "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್!" ಊರಿನ ಮುಖ್ಯ ಬಸ್ ನಿಲ್ದಾಣಕ್ಕೆ ಅದೇ ಹೆಸರು. ಕೆನರಾ ಬ್ಯಾಂಕು 1906ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ. ಇಷ್ಟು ಬ್ಯಾಂಕು ಹೆತ್ತ ಊರು ಬಸ್ ಸ್ಟ್ಯಾಂಡಿಗೆ ಹೆಸರಿಡುವಾಗ ಮಾತ್ರ ಹೊರಗಿನ ಬ್ಯಾಂಕನ್ನು ಹುಡುಕಿಕೊಂಡಿತು. "ಬೆಳ್ ಬೆಳಿಗ್ಗೇನೇ ಎಲ್ಲಾರೂ ಬ್ಯಾಂಕಿಗೇ ಹೊಂಟವ್ರಲ್ಲೋ, ದುಡ್ಡಿನ ಊರು ಕಣಪ್ಪ" ಎಂದು ಚಿಕ್ಕಪ್ಪ ಗೌರವದಿಂದ ನೋಡಿದರು. ನಾನು ತಿದ್ದಲು ಹೋಗಲಿಲ್ಲ.

ನೋಡಲೇಬೇಕಾದ ಜಾಗಗಳ ಪಟ್ಟಿ ಎಲ್ಲ ಊರಿಗೂ ಇರುತ್ತದೆ, ಅದನ್ನು ಮುಗಿಸಿದ ಮೇಲೆಯೇ ನೋಡುವುದು ಶುರುವಾಗುವುದು. ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ ಸೂರುಗಳನ್ನೆಲ್ಲ ಅಂತೋನಿಯೋ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಂದು ಚಿತ್ರಗಳಿಂದ ತುಂಬಿಸಿದ. ಕತ್ತು ನೋಯುವವರೆಗೆ ನೋಡಿದೆವು. ಕದ್ರಿಯ ಮಂಜುನಾಥನ ಗುಡಿಯಲ್ಲಿ ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಮೂರು ಮುಖ, ಆರು ಕೈ. ಸಾವಿರ ವರ್ಷದ ಲೋಹ ಇಷ್ಟು ನುಣುಪಾಗಿರಲು ಸಾಧ್ಯವೆಂದು ಕಣ್ಣಾರೆ ಕಾಣದಿದ್ದರೆ ನಾನೂ ನಂಬುತ್ತಿರಲಿಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿ ಮಾತ್ರ ಚಿಕ್ಕಪ್ಪನಿಗೆ ನಿರಾಸೆ ಮಾಡಿತು. ಶ್ರೀರಂಗಪಟ್ಟಣದ ಕೋಟೆ ಕಂಡವರಿಗೆ ಗುರುಪುರ ನದಿಯ ದಂಡೆಯ ಈ ಕರಿಕಲ್ಲಿನ ಕಾವಲು ಬುರುಜು ಅಂಗೈಯಗಲ. ಆದರೆ ಇದು ವಾಸಕ್ಕೆ ಕಟ್ಟಿದ್ದಲ್ಲ, ಹೊಳೆಯೊಳಗೆ ಯಾರ ಹಡಗು ನುಗ್ಗುತ್ತಿದೆ ಎಂದು ನೋಡಲು ಕಟ್ಟಿದ್ದು. ಇಂಗ್ಲಿಷರಿಗೂ ಟಿಪ್ಪುವಿಗೂ ನಡುವೆ 1784ರ ಮಾರ್ಚ್‌ನಲ್ಲಿ ಒಪ್ಪಂದವಾದದ್ದು ಇದೇ ಮಂಗಳೂರಿನಲ್ಲಿ. ಮೈಸೂರಿನ ದೊರೆಗಳು ಘಟ್ಟ ಇಳಿದು ಈ ಊರಿಗೆ ಅಷ್ಟು ಜೀವ ತೇಯ್ದದ್ದೇಕೆ ಎಂಬುದು ಬುರುಜಿನ ಕಿಂಡಿಯಲ್ಲಿ ಇಣುಕಿದರೆ ತಿಳಿಯುತ್ತದೆ. ಅರಮನೆ ಎಷ್ಟು ದೊಡ್ಡದಿದ್ದರೂ ಬಾಗಿಲಿಲ್ಲದಿದ್ದರೆ ಏನು ಬಂತು?

ಸಂಜೆ ಪಣಂಬೂರಿನ ಕಡಲತೀರ. ದೂರದಲ್ಲಿ ಹಡಗುಗಳು ಒಂದರ ಹಿಂದೊಂದು ಅಲುಗಾಡದೆ ನಿಂತಿದ್ದವು. "ಟೋಲ್‌ಗೇಟ್ ಹತ್ರ ಲಾರಿ ನಿಂತಂಗೈತೆ" ಅಂದರು ಚಿಕ್ಕಪ್ಪ. ಅವರಿಗೆ ಅರಿವಿಲ್ಲದೆ ಸರಿಯಾದ ಮಾತೇ ಆಡಿದ್ದರು. ಯಾಕೆಂದರೆ ಪಣಂಬೂರೇ ಮಂಗಳೂರಿನ ಬೈಪಾಸು.

ಹಳೆಯ ಬಂದರು ಇರುವುದು ಇಲ್ಲಲ್ಲ, ಊರೊಳಗೆ, ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಕಡೆ. ದೊಡ್ಡ ಹಡಗು ಒಳಗೆ ಬರುವಷ್ಟು ಆಳ ಅಲ್ಲಿರಲಿಲ್ಲ. ಹಡಗು ಹೊರಗೆ ಕಡಲಲ್ಲೇ ಲಂಗರು ಹಾಕುವುದು, ದೋಣಿಗಳು ಹೋಗಿ ಸರಕು ಇಳಿಸಿಕೊಂಡು ಬರುವುದು, ಮಳೆಗಾಲ ಬಂದರೆ ಬಂದರಿಗೆ ಬೀಗ. ಇದೇ ಶತಮಾನಗಳ ಪಾಡು. ಕೊನೆಗೆ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ದೊಡ್ಡ ಹಡಗುಗಳೆಲ್ಲ ಅಲ್ಲಿಗೆ ಹೋದವು. ಸಾವಿರ ವರ್ಷ ಗಿರಾಕಿ ಕಂಡ ಅಂಗಡಿ ಒಂದು ಬೆಳಿಗ್ಗೆ ಖಾಲಿ.

ಇದನ್ನು ಹೇಳಿದಾಗ ಮಂಗಳೂರಿನ ಲಾಲ್‌ಬಾಗಿನ ಐಸ್‌ಕ್ರೀಮ್ ಅಂಗಡಿಯಲ್ಲಿ ಗಡ್‌ಬಡ್ ತಿನ್ನುತ್ತಿದ್ದ ಚಿಕ್ಕಪ್ಪನ ಉದ್ದನೆಯ ಚಮಚ ಗ್ಲಾಸಿನ ತಳಕ್ಕೆ ತಾಗಿ ನಿಂತಿತು. "ಆಮ್ಯಾಕೆ ಏನ್ ಮಾಡಿದ್ರು?" ಅಂದರು.

ಏನು ಮಾಡಿದರೆಂದು ನೋಡಲು ಮರುದಿನ ಬೆಳಕು ಹರಿಯುವ ಮುಂಚೆ ಬಂದರಿಗೆ ಹೋದೆವು. ಬೀದಿಗಳು ಕಿರಿದು. ಹೆಂಚಿನ ಮಾಡು, ಮರದ ಜಗುಲಿಯ ಹಳೆಯ ಮಳಿಗೆಗಳು. ಕೊಬ್ಬರಿ, ಬೆಲ್ಲ, ಒಣಶುಂಠಿ, ಒಣಮೀನು ಎಲ್ಲದರ ವಾಸನೆ ಒಂದರ ಮೇಲೊಂದು ಹಾಸಿಕೊಂಡು ಮಲಗಿತ್ತು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಬರೆದದ್ದೂ ಮೆಣಸು, ಶುಂಠಿ, ಪರ್ಷಿಯಾ ಮತ್ತು ಯೆಮನ್ನಿನ ವ್ಯಾಪಾರಿಗಳ ವಿಚಾರವೇ. ಅದಕ್ಕೂ ಇನ್ನೂರು ವರ್ಷ ಮುಂಚೆ, 1130ರ ದಶಕದಲ್ಲಿ, ಏಡನ್ನಿನಿಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಬಂದು ಹದಿನೇಳು ವರ್ಷದ ಆಸುಪಾಸು ಇಲ್ಲಿ ಸಂಸಾರ ಹೂಡಿದ್ದ. ಮೆಣಸು ಅಡಕೆ ಕಳಿಸುತ್ತಿದ್ದ, ಏಡನ್ನಿನಿಂದ ಬಂದ ಹಳೇ ಹಿತ್ತಾಳೆ ಪಾತ್ರೆಗಳನ್ನು ಇಲ್ಲಿನ ಕಂಚುಗಾರರಿಂದ ಹೊಸದಾಗಿ ಮಾಡಿಸುತ್ತಿದ್ದ. ಅವನ ಪತ್ರಗಳು ಕೈರೋದ ಒಂದು ಸಿನಗಾಗಿನಲ್ಲಿ ಉಳಿದುಕೊಂಡು, ಅಮಿತಾವ್ ಘೋಷ್ ಅವನ ಮೇಲೆ ಒಂದು ಪುಸ್ತಕವನ್ನೇ ಬರೆಯುವಂತಾಯಿತು. ಬೆನ್ ಯಿಜುವಿನ ಕೈಕೆಳಗೆ ಬೊಮ್ಮ ಎಂಬೊಬ್ಬನಿದ್ದ. ವ್ಯಾಪಾರಕ್ಕೆಂದು ಏಡನ್ನಿಗೆ ಕಳಿಸಿದರೆ ಅಲ್ಲಿ ಕುಡಿದು, ಕೊಟ್ಟ ಹಣ ಖರ್ಚು ಮಾಡಿ, ಯಜಮಾನನ ಸ್ನೇಹಿತನ ಹತ್ತಿರವೇ ಹೋಗಿ ಇನ್ನಷ್ಟು ಕೊಡು ಎಂದು ಗಲಾಟೆ ಮಾಡಿದನಂತೆ. ದೊರೆಗಳ ಶಾಸನಗಳು ಅಳಿಸಿ ಹೋದ ಕಡೆ ಬೊಮ್ಮನ ಬಾಕಿ ಮಾತ್ರ ಒಂಬೈನೂರು ವರ್ಷವಾದರೂ ಲೆಕ್ಕದಲ್ಲಿದೆ. ಚಿಕ್ಕಪ್ಪನಿಗೆ ಇಡೀ ಮಂಗಳೂರಿನ ಚರಿತ್ರೆಯಲ್ಲಿ ಬಹಳ ಹಿಡಿಸಿದ ವ್ಯಕ್ತಿ ಇವನೇ. "ನಮ್ಮ ಸಪ್ಲೈಯರ್ ಒಬ್ಬ ಹಿಂಗೇ ಇದ್ದ" ಎಂದು ಹೆಸರು ಹೇಳಹೊರಟರು, ತಡೆದೆ.

ಇನ್ನು ಖಾಲಿಯಾದ ಅಂಗಡಿಯ ಮಾತು. ಹೊಳೆಯ ಅಂಚಿನಲ್ಲಿ ಮಂಜಿಗಳು ನಿಂತಿದ್ದವು. ಹೊಟ್ಟೆ ದಪ್ಪನೆಯ ಸರಕು ನಾವೆಗಳು. ಲಕ್ಷದ್ವೀಪದ ಜನ ತಿನ್ನುವ ತರಕಾರಿ, ಅಕ್ಕಿ, ಮನೆ ಕಟ್ಟುವ ಸಿಮೆಂಟು, ಜಲ್ಲಿ ಎಲ್ಲ ಇಲ್ಲಿಂದಲೇ ಹೊರಡುತ್ತದೆ. ಹಲಗೆಯ ಮೇಲೆ ಮೂಟೆ ಹೊತ್ತವರು ಓಡುನಡೆಯಲ್ಲಿ ಸಾಗುತ್ತಿದ್ದರು. ಆಚೆ ದಡದ ಬೆಂಗ್ರೆಗೆ ಜನ ಸ್ಕೂಟರ್ ಸಮೇತ ದೋಣಿ ಹತ್ತುತ್ತಿದ್ದರು. ಈಚೆ ದಡದಲ್ಲೇ ಮುಂದೆ ಹೋದರೆ ಮೀನಿನ ದಕ್ಕೆ. ಜೂನ್ ಜುಲೈ ಎರಡು ತಿಂಗಳು ಯಂತ್ರದ ಬೋಟಿನಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧ, ಉಳಿದ ಕಾಲವೆಲ್ಲ ಬೆಳಗಿನ ಜಾವ ಇಲ್ಲಿ ಜಾತ್ರೆ. ಬೋಟುಗಳಿಂದ ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ ಇಳಿಯುತ್ತಿದ್ದವು. ಐಸು ಕುಟ್ಟುವ ಸದ್ದು, ಹಲಗೆಯ ಮೇಲೆ ನೀರು, ನೀರಿನ ಮೇಲೆ ಬೆಳ್ಳಿಯಂಥ ಪೊರೆ. ಏಲಂ ಕೂಗುವವನು ತುಳುವಿನಲ್ಲಿ ಉಸಿರು ಬಿಡದೆ ಸಂಖ್ಯೆ ಏರಿಸುತ್ತಿದ್ದ. ಸುತ್ತ ನಿಂತವರು ರೆಪ್ಪೆಯಲ್ಲೋ ಬೆರಳಲ್ಲೋ ಏನೋ ಹೇಳುತ್ತಿದ್ದರು, ರಾಶಿ ಮಾರಾಟವಾಗುತ್ತಿತ್ತು. ಯಾರು ಕೊಂಡರೆಂದು ನಮಗೆ ಒಮ್ಮೆಯೂ ತಿಳಿಯಲಿಲ್ಲ. ದೊಡ್ಡ ಹಡಗು ಹೋದದ್ದಕ್ಕೆ ಇಲ್ಲಿ ಯಾರೂ ಅಳುತ್ತಾ ಕೂತಂತೆ ಕಾಣಲಿಲ್ಲ, ಕೂರಲು ಜಾಗವೂ ಇರಲಿಲ್ಲ.

ಚಿಕ್ಕಪ್ಪ ಒಬ್ಬ ಹೆಂಗಸಿನ ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ರೈಲಿನಲ್ಲಿ ಮೀನು ಒಯ್ಯುವ ಇರಾದೆಯಿರಲಿಲ್ಲ, ಆದರೂ ಕಿವಿರು ಎತ್ತಿ ನೋಡಿದರು.

"ಯಾವ ಊರು ನಿಮ್ಮದು ಅಣ್ಣ?"

"ಬಿಡದಿ ಅಂತ ಅಕ್ಕ. ಬೆಂಗ್ಳೂರ್ ಪಕ್ಕ." ಚಿಕ್ಕಪ್ಪ ತುಸು ತಡೆದರು. ಮುಂದಿನದನ್ನು ಎದುರಿನವರೇ ಹೇಳಬೇಕೆಂಬುದು ಅವರ ಅಪೇಕ್ಷೆ.

"ಹಾಂ, ಗೊತ್ತುಂಟು. ನನ್ನ ಮಗಳು ಕಾಲೇಜಿನವರ ಒಟ್ಟಿಗೆ ಹೋಗಿದ್ದಳು. ವಂಡರ್‌ಲಾ ಇರುವುದಲ್ವಾ?"

ಚಿಕ್ಕಪ್ಪನ ಮುಖ ನೋಡಬೇಕಿತ್ತು. "ವಂಡರ್‌ಲಾನೂ ಐತೆ, ಟೊಯೊಟಾನೂ ಐತೆ. ಅವೆಲ್ಲ ಮೊನ್ನೆ ಮೊನ್ನೆ ಬಂದವು. ಬಿಡದಿ ಅಂದ್ರೆ ತಟ್ಟೆ ಇಡ್ಲಿ" ಎಂದು ಎರಡೂ ಅಂಗೈ ಸೇರಿಸಿ ಅಗಲ ತೋರಿಸಿದರು.

ಆಕೆ ಮೀನು ತಿರುವುತ್ತಿದ್ದ ಕೈ ನಿಲ್ಲಿಸಿ ಆ ಅಗಲವನ್ನು ಒಂದು ಗಳಿಗೆ ನೋಡಿದಳು. "ಅಷ್ಟು ದೊಡ್ಡದಾ? ನಡುವಿನಲ್ಲಿ ಬೇಯ್ತದಾ ಮಾರಾಯ್ರೆ?"

ಅಷ್ಟು ವರ್ಷದ ವ್ಯಾಪಾರದಲ್ಲಿ ಯಾವ ಬೆಂಗಳೂರಿನವನೂ ಈ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಚಿಕ್ಕಪ್ಪ ಮಂಡಿ ಊರಿ ಸರಿಯಾಗಿ ಕೂತರು. ಅಗಲ ಅಲ್ಲಕ್ಕಾ ನೋಡ್ಬೇಕಾದ್ದು, ದಪ್ಪ ಎಂದು ಶುರು ಮಾಡಿದರು. ಅಕ್ಕಿ ಎಷ್ಟು ಉದ್ದು ಎಷ್ಟು, ಹಬೆ ಪೂರ್ತಿ ಕಟ್ಟುವ ಮುಂಚೆ ತಟ್ಟೆ ಇಟ್ಟರೆ ಏನಾಗುತ್ತದೆ, ತಟ್ಟೆಗೂ ತಟ್ಟೆಗೂ ಎಷ್ಟು ಸಂದಿ ಬಿಡಬೇಕು. ಆಕೆ ಕುಚ್ಚಲಕ್ಕಿ ಹಾಕಿದರೆ ಆಗುವುದಿಲ್ಲವಾ ಎಂದು ಅಡ್ಡಪ್ರಶ್ನೆ ಹಾಕಿದಳು. ಪಕ್ಕದ ಬುಟ್ಟಿಯವಳೂ ಸರಿದು ಬಂದಳು, ಮೂಡೆಗೆ ಅವಳ ಅತ್ತೆ ಉದ್ದು ಕಡಿಮೆ ಹಾಕುತ್ತಾಳೆಂಬ ದೂರು ಎತ್ತಿದಳು. ಚಿಕ್ಕಪ್ಪ ಜೇಬಿನಿಂದ ನಿನ್ನೆಯ ಎಲೆ ತೆಗೆದು, ಇದಕ್ಕೆ ಕಡ್ಡಿ ಚುಚ್ಚುವುದು ಯಾವ ಕಡೆಯಿಂದ ತೋರಿಸಿ ಅಂದರು. ನಾನು ಗಡಿಯಾರ ನೋಡಿ, ರೈಲು ತಪ್ಪುತ್ತದೆ ಚಿಕ್ಕಪ್ಪ ಅಂದರೆ, "ನಿಂತ್ಕಳ್ಳಾ, ಸಂಜೆಗೂ ಒಂದು ಬಸ್ ಇರ್ತದೆ" ಅಂದರು.