ಬ್ಯಾಟರಿ ನಿರಪರಾಧಿತ್ವ ಮೀಮಾಂಸೆ

ಬೈಕು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅದಕ್ಕೆ ಬ್ಯಾಟರಿಯೇ ಕಾರಣ ಎಂಬ ಮತ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಿದವರನ್ನು ಚಾರ್ವಾಕರ ಪಂಕ್ತಿಯಲ್ಲಿ ಕೂರಿಸುವ ವಾಡಿಕೆಯುಂಟು. ಪ್ರಸ್ತುತ ಪ್ರಬಂಧಕಾರನು ಆ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಸಿದ್ಧನಾಗಿಯೇ ಹೊರಟಿದ್ದಾನೆ. ಚಾರ್ಜಿಂಗ್ ಕೆಟ್ಟ ಬಹುಪಾಲು ಪ್ರಕರಣಗಳಲ್ಲಿ ಬ್ಯಾಟರಿ ಕೊಲೆಗಾರನಲ್ಲ, ಹೆಣ. ಹೆಣವನ್ನೇ ಕಟಕಟೆಯಲ್ಲಿ ನಿಲ್ಲಿಸಿ, ಶಿಕ್ಷೆಯನ್ನೂ ವಿಧಿಸಿ, ಅದರ ಜಾಗಕ್ಕೆ ಹೊಸ ಬಲಿಯನ್ನು ತಂದು ಕೂರಿಸುವ ಕ್ರಿಯೆಗೆ ‘ಬ್ಯಾಟರಿ ಚೇಂಜ್’ ಎಂದು ಹೆಸರು.

ಮೊದಲು ವಿಷಯ. ಬ್ಯಾಟರಿಯು ವಿದ್ಯುತ್ತಿನ ಉತ್ಪತ್ತಿಸ್ಥಾನವಲ್ಲ, ದಾಸ್ತಾನು. ಎಂಜಿನ್ ತಿರುಗಿದರೆ ಮ್ಯಾಗ್ನೆಟ್ ತಿರುಗುತ್ತದೆ. ಅದರ ಮಡಿಲಲ್ಲಿ ಅಲುಗಾಡದೆ ಕೂತ ಸ್ಟೇಟರ್ ಕಾಯಿಲಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಈ ತತ್ತ್ವವನ್ನು 1831ರಲ್ಲಿ ಕಂಡವನು ಮೈಕೆಲ್ ಫ್ಯಾರಡೆ. ಹುಟ್ಟುವುದು ಎಸಿ, ಬ್ಯಾಟರಿಗೆ ಒಗ್ಗುವುದು ಡಿಸಿ ಮಾತ್ರ. ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ ಮತ್ತು ಆಮ್ಲದಿಂದ ಅದನ್ನು ಕಟ್ಟಿದ ದಿನದಿಂದಲೂ ಅದರ ಪಥ್ಯ ಬದಲಾಗಿಲ್ಲ. ಆದ್ದರಿಂದ ನಡುವೆ ರೆಗ್ಯುಲೇಟರ್ ರೆಕ್ಟಿಫೈಯರ್. ಗ್ಯಾರೇಜಿನ ಪರಿಭಾಷೆಯಲ್ಲಿ ಆರ್‌ಆರ್ ಯೂನಿಟ್. ಎಸಿಯನ್ನು ಡಿಸಿ ಮಾಡುವುದೂ, ಉಕ್ಕಿದ್ದನ್ನು ತಡೆಯುವುದೂ ಅದರ ಕರ್ಮ.

ಇಲ್ಲಿ ಸಂಪ್ರದಾಯಭೇದವಿದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳನ್ನು ಆಶ್ರಯಿಸಿದವರು ಡೈನಮೋ ಪಂಥೀಯರು. ಅವರ ಆರು ವೋಲ್ಟಿನ ಲೋಕದಲ್ಲಿ ಕಾರ್ಬನ್ ಬ್ರಷ್ಷುಗಳೇ ಋತ್ವಿಜರು; ಡೈನಮೋ ಬ್ಯಾಟರಿಗಿಂತ ಮೇಲೆದ್ದಾಗ ಮಾತ್ರ ಎರಡನ್ನೂ ಬೆಸೆಯುವ ಕಟ್‌ಔಟ್ ಬೇರೆ, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಬೇರೆ. ಇದು ಶುದ್ಧ ದ್ವೈತ. ಸಿಗ್ನಲ್ಲಿನಲ್ಲಿ ನಿಂತಾಗ ಹೆಡ್‌ಲೈಟು ಮಂಕಾಗುವುದನ್ನು ಇವರು ದೋಷವೆಂದು ಒಪ್ಪುವುದಿಲ್ಲ, ಗಾಡಿಯ ಸ್ವಭಾವ ಎನ್ನುತ್ತಾರೆ. ಕೀಲಿಯ ಬದಲು ಮೊಳೆ ಚುಚ್ಚಿ ಇಗ್ನಿಷನ್ ಆನ್ ಮಾಡಿದವರಿಗೆ ಮಂಕು ಬೆಳಕು ಯಾವ ಲೆಕ್ಕ? ಈಗಿನ ಮ್ಯಾಗ್ನೆಟ್ ಪಂಥೀಯರದು ಅದ್ವೈತ: ಎಲ್ಲವೂ ಒಂದೇ ಅಲ್ಯೂಮಿನಿಯಂ ಡಬ್ಬಿಯಲ್ಲಿ ಲೀನ. ಕೆಟ್ಟರೆ ಬಿಚ್ಚಿ ನೋಡುವಂತಿಲ್ಲ, ಜೆ.ಸಿ. ರಸ್ತೆಗೆ ಹೋಗಿ ಹೊಸದು ತರಬೇಕು.

ಡೈನಮೋ ಕಾಲದಿಂದ ಉಳಿದುಬಂದ ಒಂದು ಆಚಾರವನ್ನು ಮಾತ್ರ ಇಲ್ಲಿ ಖಂಡಿಸಲೇಬೇಕು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, “ಗಾಡಿ ಆಫ್ ಆಗ್ಲಿಲ್ಲ ನೋಡಿ ಸಾರ್, ಚಾರ್ಜಿಂಗ್ ಸರಿ ಐತೆ” ಎನ್ನುವ ಪರೀಕ್ಷೆಯಿದೆಯಲ್ಲ, ಅದು. ಹಿಂದೆ ಇದರಿಂದ ಹೆಚ್ಚೆಂದರೆ ಒಂದೆರಡು ಬಲ್ಬು ಸುಡುತ್ತಿದ್ದವು. ಬ್ಯಾಟರಿಯ ಆಸರೆ ತಪ್ಪಿದೊಡನೆ ವೋಲ್ಟೇಜು ಜಿಗಿಯುತ್ತದೆ. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಅದರ ಮಿದುಳಾದ ಇಸಿಯುವೇ ಆಹುತಿಯಾದೀತು. ಗಾಡಿ ಸರಿಯಿತ್ತೆಂದು ಸಾಬೀತಾಗುವ ಹೊತ್ತಿಗೆ ಅದು ಸರಿಯಾಗಿ ಉಳಿದಿರುವುದಿಲ್ಲ.

ಇನ್ನು ಪ್ರಮಾಣ ವಿಚಾರ. ಸತ್ಯವನ್ನು ಅರಿಯಲು ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಹೇಳುತ್ತಾರೆ. ಬೈಕಿನ ವಿಷಯದಲ್ಲಿ ಜನ ಬಳಸುವುದು ಶಬ್ದ ಪ್ರಮಾಣ ಒಂದನ್ನೇ: ಟೀ ಅಂಗಡಿಯ ಮುಂದೆ ನಿಂತವರು ನುಡಿದದ್ದು. ಉಪಮಾನವೂ ಆಗಾಗ ಇಣುಕುತ್ತದೆ. “ನಮ್ ಭಾವಂದೂ ಹಿಂಗೇ ಆಗಿತ್ತು, ಬ್ಯಾಟ್ರಿ ಹಾಕ್ಸಿದ್‌ಮೇಲೆ ಸರಿಹೋಯ್ತು.” ಭಾವನ ಬೈಕು ಬೇರೆ ಕಂಪನಿಯದು ಎಂಬ ಆಕ್ಷೇಪಕ್ಕೆ ಉತ್ತರವಿಲ್ಲ.

ಪ್ರತ್ಯಕ್ಷ ಪ್ರಮಾಣದ ಉಪಕರಣ ಮಲ್ಟಿಮೀಟರು. ಗಾಡಿ ಆಫ್ ಮಾಡಿ, ಒಂದೆರಡು ತಾಸು ಬಿಟ್ಟು, ಬ್ಯಾಟರಿಯ ಎರಡು ಕೊಂಬುಗಳಿಗೆ ಮೀಟರಿನ ಕಡ್ಡಿ ಹಿಡಿಯಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ಲುಗಳು, ತಲಾ 2.1, ತುಂಬಿದ್ದರೆ ಒಟ್ಟು 12.6ರ ಆಸುಪಾಸು ತೋರಬೇಕು. ಹನ್ನೆರಡು ವೋಲ್ಟ್ ಎಂದು ಬರೆದಿರುವ ಬ್ಯಾಟರಿ ಸರಿಯಾಗಿ ಹನ್ನೆರಡನ್ನೇ ತೋರಿದರೆ ಅದು ಬಹುಪಾಲು ಖಾಲಿ ಎಂಬುದು ಈ ಶಾಸ್ತ್ರದ ಮೊದಲ ವಿರೋಧಾಭಾಸ. ಖಾಲಿಯಿದ್ದರೆ ಹೊರಗಿನ ಚಾರ್ಜರಿನಲ್ಲಿ ತುಂಬಿಸಿಕೊಂಡೇ ಮುಂದುವರಿಯತಕ್ಕದ್ದು. ಹಸಿದವನ ನಾಡಿ ಹಿಡಿದು ರೋಗ ಹೇಳುವುದು ವೈದ್ಯರಿಗೂ ಕಷ್ಟ. ಆಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ತಿರುಗಿಸಿ ಐದು ಸಾವಿರ ಆರ್‌ಪಿಎಮ್ಮಿನ ಸುಮಾರಿಗೆ ತಂದು ನೋಡಿ. 13.8ರಿಂದ 14.5ರ ನಡುವೆ ನಿಂತರೆ ಚಾರ್ಜಿಂಗ್ ವ್ಯವಸ್ಥೆ ನಿರ್ದೋಷಿ. 12.6ರಿಂದ ಮೇಲೇಳದೆ ಇಳಿಯುತ್ತಲೇ ಹೋದರೆ ಹುಟ್ಟಿದ್ದು ಬ್ಯಾಟರಿಗೆ ತಲುಪುತ್ತಿಲ್ಲ, ಇಲ್ಲವೇ ಹುಟ್ಟುತ್ತಲೇ ಇಲ್ಲ. 15 ದಾಟಿದರೆ ಆರ್‌ಆರ್ ಯೂನಿಟ್ಟಿಗೆ ಕಡಿವಾಣ ತಪ್ಪಿದೆ. ಬ್ಯಾಟರಿಯ ನೀರು ಒಡೆದು ಅನಿಲವಾಗಿ ಹಾರಿಹೋಗುತ್ತದೆ, ಅಪರಾಧ ಮತ್ತೆ ಬ್ಯಾಟರಿಯ ತಲೆಗೇ.

ಅನುಮಾನಕ್ಕೆ ತರ್ಕಶಾಸ್ತ್ರದ ಹಳೆಯ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ನಮ್ಮ ಬೆಟ್ಟ ಸೀಟಿನ ಕೆಳಗಿದೆ. ಸ್ಟೇಟರಿನಿಂದ ಬರುವ ವೈರುಗಳು, ಸಾಮಾನ್ಯವಾಗಿ ಮೂರು ಹಳದಿ, ಆರ್‌ಆರ್ ಯೂನಿಟ್ಟಿನ ವೈರನ್ನು ಸಂಧಿಸುವ ಕಪ್ಲರನ್ನು ಎಳೆದು ನೋಡಿ. ಬಿಳಿ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಕಂದಾಗಿ ಕರಗಿ ಪಿನ್ನಿಗೆ ಅಂಟಿರುತ್ತದೆ. ಆ ಪಿನ್ನಿನ ಹಳದಿ ವೈರು ತುದಿಯಿಂದ ಒಂದು ಅಂಗುಲದಷ್ಟು ಕಾಫಿ ಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಪಟ್ಟೆಂದು ಮುರಿಯುವಷ್ಟು ಗಟ್ಟಿಯಾಗಿರುತ್ತದೆ. ಸಡಿಲ ಪಿನ್ನು, ಅದರಿಂದ ಪ್ರತಿರೋಧ, ಅದರಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಸಡಿಲ. ಈ ದುಷ್ಟಚಕ್ರವನ್ನು ಕಾಣದೆ ಎಷ್ಟೋ ಮಂದಿ ಆರ್‌ಆರ್ ಯೂನಿಟ್ಟಿನ ಮೇಲೆ ಆರ್‌ಆರ್ ಯೂನಿಟ್ ಸುರಿದು, ಹೊಸದನ್ನೂ ಅದೇ ಕರಕಲು ಕಪ್ಲರಿಗೆ ಸಿಕ್ಕಿಸುತ್ತಾರೆ. ಕಣ್ಣಿಗೆ ಕಾಣದ ಕೊಳೆಯೂ ಉಂಟು. ಅದಕ್ಕೆ ಎಂಜಿನ್ ಓಡಿಸುತ್ತ, ಆರ್‌ಆರ್ ಯೂನಿಟ್ಟಿನ ಪ್ಲಸ್ ವೈರಿಗೂ ಬ್ಯಾಟರಿಯ ಪ್ಲಸ್ಸಿಗೂ ನಡುವೆ ಮೀಟರು ಹಿಡಿಯಬೇಕು. ಕಾಲು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರುತ್ತಿದ್ದರೆ ಆ ದಾರಿ ಸರಿಯಿಲ್ಲ. ಮೈನಸ್ಸಿನ ಕಡೆಗೂ ಇದೇ ವಿಧಿ. ಬಾಡಿ ಅರ್ತಿನ ಬೋಲ್ಟಿನಡಿಯ ತುಕ್ಕು ಎಷ್ಟೋ ಬ್ಯಾಟರಿಗಳನ್ನು ಗುಜರಿಗೆ ಕಳಿಸಿದೆ.

ಅನುಪಲಬ್ಧಿ ಎಂದರೆ ಇಲ್ಲದಿರುವುದನ್ನು ‘ಇಲ್ಲ’ ಎಂದು ಅರಿಯುವ ಪ್ರಮಾಣ. ಇದು ಪ್ರತ್ಯೇಕ ಪ್ರಮಾಣವೇ ಅಲ್ಲವೇ ಎಂಬ ಚರ್ಚೆ ಶತಮಾನಗಳದು. ಸ್ಟೇಟರ್ ಪರೀಕ್ಷೆ ಮಾಡಿದವರಿಗೆ ಸಂಶಯವಿರದು. ಕಪ್ಲರ್ ಬಿಚ್ಚಿ, ಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿ ಹಳದಿ ವೈರಿಗೆ, ಇನ್ನೊಂದು ಎಂಜಿನ್ ಬಾಡಿಗೆ. ಮೌನವೇ ಮಂಗಳ. ಬೀಪ್ ಎಂದರೆ ಕಾಯಿಲಿನ ಎನಾಮೆಲ್ ಸುಟ್ಟು ಬಾಡಿಗೆ ತಗಲಿದೆ. ಆಮೇಲೆ ಎಸಿಗೆ ತಿರುಗಿಸಿ, ಎಂಜಿನ್ ಓಡಿಸಿ, ಹಳದಿಗಳನ್ನು ಜೋಡಿ ಜೋಡಿಯಾಗಿ ಅಳೆಯಿರಿ. ಎಷ್ಟು ವೋಲ್ಟ್ ಬರಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಮೂರೂ ಜೋಡಿ ಸರಿಸಮ ಇರಬೇಕೆಂಬುದು ಎಲ್ಲಕ್ಕೂ ಒಂದೇ. ಮೂರೂ ಸರಿಯಾಗಿದ್ದು ಬ್ಯಾಟರಿಗೆ ಮಾತ್ರ ಬರದಿದ್ದರೆ, ದಾರಿಯಲ್ಲಿ ಸೋರಿಕೆಯಿಲ್ಲವೆಂದು ಈಗಾಗಲೇ ನೋಡಿದ್ದರೆ, ಆಗ ಆರ್‌ಆರ್ ಯೂನಿಟ್ಟಿಗೆ ವಾರಂಟ್ ಹೊರಡಿಸಬಹುದು.

ಉಳಿದದ್ದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲಲ್ಲಿ ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ನಮ್ಮ ದೇವದತ್ತ ತಿರುಗುಮುರುಗು. ಹಗಲೆಲ್ಲ 14.2ರಲ್ಲಿ ಹೊಟ್ಟೆತುಂಬ ಉಣ್ಣುತ್ತಾನೆ, ಬೆಳಿಗ್ಗೆ ಎದ್ದರೆ ಬಡಕಲು. ಹಾಗಾದರೆ ರಾತ್ರಿ ಅವನನ್ನು ಯಾರೋ ಉಣ್ಣುತ್ತಿರಬೇಕು. ಕೀಲಿ ಆಫ್ ಮಾಡಿ, ಮೈನಸ್ ಬಿಚ್ಚಿ, ಮೀಟರನ್ನು ಆಂಪ್ ಸ್ಥಾನದಲ್ಲಿಟ್ಟು ಬ್ಯಾಟರಿಗೂ ವೈರಿಗೂ ನಡುವೆ ಕೂರಿಸಿ. ಕೆಲವೇ ಮಿಲಿಆಂಪ್ ಕ್ಷಮ್ಯ. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ; ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಫ್ಯೂಸಿಗೇ ಸಿಗದವನೂ ಇರಬಹುದು: ಬ್ಯಾಟರಿಗೆ ನೇರ ಕಟ್ಟಿಸಿದ ಮೊಬೈಲ್ ಚಾರ್ಜರು, ಅಲಾರಮ್ಮು, ಗಾಡಿ ಕಳುವಾಗದಿರಲೆಂದು ಹಾಕಿಸಿದ ಜಿಪಿಎಸ್ಸು. ಗಾಡಿಯನ್ನು ಯಾರೂ ಕದಿಯಲಾರರು ನಿಜ, ಸ್ಟಾರ್ಟೇ ಆಗುವುದಿಲ್ಲವಲ್ಲ.

ಇಲ್ಲೊಂದು ಅವಾಂತರ ಪ್ರಸಂಗ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರಗಳ ಹೆಡ್‌ಲೈಟು ಹಗಲೂ ಉರಿಯುತ್ತದೆ, ಸ್ವಿಚ್ಚೇ ಇಲ್ಲ. ಕಾಯಿಲಿಗೆ ವಿಶ್ರಾಂತಿ ಕೊಡೋಣವೆಂದು ಎಲ್‌ಇಡಿ ಹಾಕಿಸುವ ದಯಾಳುಗಳುಂಟು. ಆದರೆ ಬಹಳಷ್ಟು ಗಾಡಿಗಳಲ್ಲಿರುವುದು ಶಂಟ್ ಬಗೆಯ ಆರ್‌ಆರ್ ಯೂನಿಟ್. ಅದರ ವೈರಾಗ್ಯ ವಿಚಿತ್ರ: ಕಾಯಿಲಿನಿಂದ ಹೆಚ್ಚಾಗಿ ಬಂದದ್ದನ್ನು ಬೇಡವೆನ್ನುವುದಿಲ್ಲ, ಶಾರ್ಟ್ ಮಾಡಿ ಕಾಯಿಲಿಗೇ ವಾಪಸು ಸುತ್ತಿಸಿ ಬಿಸಿಯಾಗಿಸುತ್ತದೆ. ಲೈಟು ಕಡಿಮೆ ತಿಂದರೂ ಕಾಯಿಲಿನ ದುಡಿಮೆ ತಗ್ಗದು, ಯೂನಿಟ್ಟಿನ ತಾಪ ಏರುತ್ತದೆ. ಉಳಿತಾಯದ ಲಾಭ ಫಾಗ್ ಲ್ಯಾಂಪ್ ಹಾಕಿಸುವವರಿಗೆ ಮಾತ್ರ.

ಕೊನೆಗೆ ಪ್ರಾಮಾಣ್ಯವಾದ. ಮೀಟರು ಹೇಳಿದ್ದು ನಿಜವೆಂದು ಹೇಳುವವರು ಯಾರು? ಮೀಮಾಂಸಕರು ಜ್ಞಾನಕ್ಕೆ ಸ್ವತಃ ಪ್ರಾಮಾಣ್ಯ ಎನ್ನುತ್ತಾರೆ. ನೈಯಾಯಿಕರು ಪರತಃ, ಬೇರೊಂದರಿಂದ ದೃಢಪಡಬೇಕು ಎನ್ನುತ್ತಾರೆ. ಪೂರ್ವಪಕ್ಷಿಯಾದ ಮೆಕ್ಯಾನಿಕ್ಕು ಸದ್ದಿಲ್ಲದೆ ನ್ಯಾಯದರ್ಶನದ ಕಡೆಯವನು. ವಿದ್ವಾಂಸನೊಬ್ಬನ ಮೀಟರು 15.9 ತೋರಿಸಿ, ಆರ್‌ಆರ್ ಯೂನಿಟ್ಟಿನ ಮೇಲೆ ತೀರ್ಪು ಬರೆಯಲು ಲೇಖನಿ ಎತ್ತಿಯಾದ ಮೇಲೆ, ಮೆಕ್ಯಾನಿಕ್ಕು ಮೀಟರಿನ ಪರದೆಯ ಮೂಲೆಯಲ್ಲಿ ಮಿಣುಕುವ ಪುಟ್ಟ ಚಿಹ್ನೆಯ ಮೇಲೆ ಗ್ರೀಸು ಮೆತ್ತಿದ ಬೆರಳಿಟ್ಟ. ಒಳಗಿನ ಒಂಬತ್ತು ವೋಲ್ಟಿನ ಸೆಲ್ಲು ಸೊರಗಿದರೆ ಈ ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ.

“ಸೆಲ್ ಹಾಕ್ಕೊಂಡ್ ಬನ್ನಿ ಸಾರ್, ಆಮೇಲ್ ನೋಡಣ.”