ಪುಟ 47ರಲ್ಲಿ ಸುತ್ತಿದ ಎರಡು ಬೋಂಡ

ಗೆ,
ಮಾಲೀಕರು, ಬೋಂಡ-ಬಜ್ಜಿ ಗಾಡಿ,
ಬಸ್ ನಿಲ್ದಾಣದ ಹತ್ತಿರ, ಯಳಂದೂರು.

ವಿಷಯ: ಕನ್ನಡ ಪುಸ್ತಕದ ಏಕೈಕ ಕಾಯಂ ಗಿರಾಕಿಯಾದ ತಮಗೆ ಅಭಿನಂದನೆ ಹಾಗೂ ಒಂದು ದೂರು.

ಮಾನ್ಯರೇ,

ಅರ್ಜಿದಾರ ಕೊಳ್ಳೇಗಾಲದವನು. ಸಣ್ಣ ಪ್ರಕಾಶಕ. ಎಷ್ಟು ಸಣ್ಣವನೆಂದರೆ, ಅವನ ಗೋಡೌನು ಮಂಚದ ಕೆಳಗಿದೆ. ಕಳೆದ ಮಂಗಳವಾರ ಜಿಲ್ಲಾ ಕೇಂದ್ರದ ಕಚೇರಿಯೊಂದಕ್ಕೆ ಹೋಗಿದ್ದ. ಅಲ್ಲಿಗೆ ಕೊಟ್ಟಿದ್ದ ನಲವತ್ತು ಪ್ರತಿಗಳ ಬಿಲ್ಲಿಗೆ ಈಗ ಎರಡನೇ ವರ್ಷ. ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ಕೂತವನಿಗೆ ಮಧ್ಯಾಹ್ನ ಮೂರೂವರೆಗೆ ಉತ್ತರ ಸಿಕ್ಕಿತು: "ಬಿಲ್ಲಿನ ಮೂರನೇ ಪ್ರತಿಗೆ ಸೀಲ್ ಬಿದ್ದಿಲ್ಲ. ಮುಂದಿನ ಮಂಗಳವಾರ ಬನ್ನಿ." ಸೀಲು ಅದೇ ಮೇಜಿನ ಮೇಲಿತ್ತು. ಪಕ್ಕದ ಇಂಕ್ ಪ್ಯಾಡ್ ಒಣಗಿ ಬಿರುಕು ಬಿಟ್ಟಿತ್ತು. ಮುದ್ರಣದ ಶಾಯಿಗೆ 2022ರ ಜುಲೈಯಲ್ಲಿ ಜಿಎಸ್‌ಟಿ 12ರಿಂದ 18ಕ್ಕೆ ಏರಿತಲ್ಲ, ಕಚೇರಿಯವರೂ ಅಂದಿನಿಂದ ಉಳಿತಾಯ ಮಾಡುತ್ತಿರಬಹುದು ಎಂದು ಅರ್ಜಿದಾರ ಸಮಾಧಾನಪಟ್ಟುಕೊಂಡ.

ವಾಪಸು ಬರುವಾಗ ಯಳಂದೂರಿನಲ್ಲಿ ಇಳಿದದ್ದು ಹಸಿವಿಗೆ. ತಾವು ಎರಡು ಬೋಂಡ ಸುತ್ತಿ ಕೊಟ್ಟಿರಿ. ಮೊದಲನೆಯದನ್ನು ಕಚ್ಚಿದ ಮೇಲೆ ಕಾಗದದ ಮೇಲೆ ಕಣ್ಣು ಬಿತ್ತು. ಅಕ್ಷರ ಪರಿಚಿತ, ವಾಕ್ಯ ಪರಿಚಿತ, ಮೂರನೇ ಸಾಲಿನ ಅಚ್ಚಿನ ತಪ್ಪಂತೂ ಮನೆಮಗನಷ್ಟು ಪರಿಚಿತ. ಅವನದೇ ಪುಸ್ತಕದ ಪುಟ 47.

"ಯಾವ್ ಕಾಗ್ದ ಆದ್ರೇನ್ ಸಾ, ಎಣ್ಣೆ ಈರ್ಕಂಡ್ರೆ ಸಾಕು" ಅಂದಿರಿ ತಾವು. ಈ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆ ಅದು. ಅರ್ಜಿದಾರ ಕೃತಜ್ಞ.

ತಮ್ಮ ಗಾಡಿಗೆ ಅದು ಬಂದ ದಾರಿಯನ್ನೂ ಮುಚ್ಚಿಡಬಾರದು. ಗೆದ್ದಲು ಹತ್ತಿತೆಂದು ಯುಗಾದಿಗೆ ಮುಂಚೆ ನಾಲ್ಕು ಬಂಡಲು ಪುಸ್ತಕವನ್ನು ರದ್ದಿಗೆ ಹಾಕಿದವನು ಅರ್ಜಿದಾರನೇ. ಕೆಜಿಗೆ ಹದಿನಾಲ್ಕು ರೂಪಾಯಿ, ಸ್ಥಳದಲ್ಲೇ ನಗದು. ಮೂರನೇ ಪ್ರತಿ ಕೇಳಲಿಲ್ಲ, ಸೀಲು ಕೇಳಲಿಲ್ಲ. ಇಡೀ ಪ್ರಕಾಶನ ವ್ಯವಹಾರದಲ್ಲಿ ಸರಿಯಾಗಿ ನಡೆದದ್ದು ಅದೊಂದೇ.

ಲೆಕ್ಕ ಹೀಗಿದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಎಲ್ಲರೂ ಪ್ರಕಾಶಕನ ಬೆನ್ನು ತಟ್ಟುತ್ತಾರೆ. ಕಾಗದಕ್ಕೆ ಇದೆ; 2025ರ ಸೆಪ್ಟೆಂಬರಿನಲ್ಲಿ ಅದೂ 12ರಿಂದ 18ಕ್ಕೆ ಹೋಯಿತು. ಪುಸ್ತಕಕ್ಕೆ ತೆರಿಗೆ ಇಲ್ಲವಾದ್ದರಿಂದ ಕಾಗದಕ್ಕೆ ಕಟ್ಟಿದ್ದು ವಾಪಸು ಬರುವುದಿಲ್ಲ. ಭದ್ರಾವತಿಯಲ್ಲಿ ಮೈಸೂರು ಅರಸರ ಕಾಲದಲ್ಲಿ ಹುಟ್ಟಿದ ನಮ್ಮದೇ ಎಂಪಿಎಂ ಕಾಗದದ ಕಾರ್ಖಾನೆ ಇತ್ತು. 2015ರಲ್ಲಿ ಅದರ ಯಂತ್ರಗಳೂ ನಿಂತವು. ತಮ್ಮದೇ ಊರಿನ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದುಕೊಂಡೇ ಕಾವ್ಯ ಬರೆದಳು. ಓಲೆಗರಿಗೆ ಜಿಎಸ್‌ಟಿ ಇರಲಿಲ್ಲ, ಪುಣ್ಯವಂತೆ.

ಇನ್ನು ದೂರು. ಅಚ್ಚಾದ ಕಾಗದದಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಹೇಳಿತು. 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಸುದ್ದಿಪತ್ರಿಕೆಯನ್ನು ಹೆಸರು ಹಿಡಿದೇ ನಿಷೇಧಿಸಿದರು. 2023ರಲ್ಲಿ ಮತ್ತೊಮ್ಮೆ ಹೇಳಿದರು. ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ, ಅದರಲ್ಲಿ ಸೀಸದಂಥ ಲೋಹ ಇರುತ್ತದೆ, ಕೈಯಿಂದ ಕೈಗೆ ಬಂದ ಕಾಗದದಲ್ಲಿ ರೋಗಾಣು ಇರುತ್ತದೆ. ನಿಯಮ ಪಾಲಿಸಿದರೆ ಕನ್ನಡ ಪುಸ್ತಕಕ್ಕಿರುವ ಕೊನೆಯ ಗಿರಾಕಿಯೂ ಹೋಗುತ್ತಾನೆ. ಪಾಲಿಸದಿದ್ದರೆ ಅರ್ಜಿದಾರನ ಗದ್ಯ ಸೀದಾ ಹೊಟ್ಟೆಗೆ ಹೋಗುತ್ತದೆ. ಯಾವುದು ಹೆಚ್ಚು ಅಪಾಯ ಎಂದು ಅವನ ಮನೆಯಾಕೆಯನ್ನು ಕೇಳಬೇಡಿ.

ಆದರೆ ಪುಟ 47ರಲ್ಲಿ ಏನಿತ್ತೆಂದು ತಾವು ನೋಡಿರಲಾರಿರಿ.

ಹನೂರು ತಾಲ್ಲೂಕಿನ ಸುಳ್ವಾಡಿ ಇತ್ತು. 2018ರ ಡಿಸೆಂಬರ್ 14, ಶುಕ್ರವಾರ. ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ, ಆಮೇಲೆ ಪ್ರಸಾದದ ಬಾತು. ಸಾಲಿನಲ್ಲಿ ಕೂಲಿಯವರು, ಬಿದರಹಳ್ಳಿಯವರು, ಮಾಲೆ ಹಾಕಿದ ಓಂ ಶಕ್ತಿ ಭಕ್ತರು. ಅನ್ನಕ್ಕೆ ಏನೋ ವಾಸನೆ ಇತ್ತೆಂದು ಬದುಕಿದವರು ಆಮೇಲೆ ಹೇಳಿದರು. ಪ್ರಸಾದವನ್ನು ಮೂಸಿ ನೋಡಿ ಬೇಡವೆನ್ನುವವರು ಯಾರು? ಬಾಯಲ್ಲಿ ನೊರೆ, ಹೊಟ್ಟೆ ತೊಳೆಸಿ ವಾಂತಿ, ಉಸಿರು ಕಟ್ಟುವುದು. ಎಸೆದ ಅನ್ನ ತಿಂದ ಕಾಗೆಗಳೂ ಸತ್ತು ಬಿದ್ದವು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಆಸ್ಪತ್ರೆ ತುಂಬಿದವು. ಉಸಿರಾಟದ ಯಂತ್ರ ಬೇಕಾದವರನ್ನು ಮೈಸೂರಿಗೆ ಸಾಗಿಸಬೇಕಾಯಿತು, ಸುಳ್ವಾಡಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, 17 ಮಂದಿ ತೀರಿಕೊಂಡರು. ಅನ್ನದಲ್ಲಿದ್ದದ್ದು ಮೊನೊಕ್ರೊಟೊಫಾಸ್, ಹೊಲಕ್ಕೆ ಹೊಡೆಯುವ ಔಷಧಿ. ಗುಡಿಯ ಆಡಳಿತದ ಜಗಳಕ್ಕೆ ಬೆರೆಸಿದ್ದೆಂದರು ಪೊಲೀಸರು.

ಅದೇ ಔಷಧಿ 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರ ಬಿಸಿಯೂಟಕ್ಕೆ ಸೇರಿ 23 ಮಕ್ಕಳನ್ನು ಕೊಂದಿತ್ತು. ಇದನ್ನು ಮಾರುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೂ ಮೊದಲೇ ಭಾರತಕ್ಕೆ ಹೇಳಿತ್ತು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದ 36 ಎಸ್‌ಎಲ್ ರೂಪವನ್ನು ನಿಷೇಧಿಸಿದ್ದು 2023ರಲ್ಲಿ. ಅದರಲ್ಲೂ ಒಂದು ಸಾಲು ಸೇರಿಸಿದರು: ಇರುವ ದಾಸ್ತಾನನ್ನು ಅವಧಿ ಮುಗಿಯುವವರೆಗೆ ಮಾರಿಕೊಳ್ಳಬಹುದು.

ವಿಷಕ್ಕೂ ದಾಸ್ತಾನು ತೀರಿಸಿಕೊಳ್ಳಲು ಕಾಲಾವಕಾಶ! 23 ಮಕ್ಕಳು, 17 ಭಕ್ತರು, ಅಷ್ಟಾದ ಮೇಲೂ ಅಂಗಡಿಯವನಿಗೆ ನಷ್ಟವಾಗಬಾರದು. ಅಂಥ ಕಾಳಜಿ ಮಂಚದ ಕೆಳಗಿನ ದಾಸ್ತಾನಿನ ಮೇಲೆ ಯಾರಿಗೂ ಬರಲಿಲ್ಲವೆಂದು ತಮಾಷೆ ಮಾಡಲು ಹೊರಟವನಿಗೆ ಇಲ್ಲಿ ಬಾಯಿ ಕಟ್ಟುತ್ತದೆ. ಬಿಲ್ಲು ಹಾಳಾಗಿ ಹೋಗಲಿ. ಆ ಡಿಸೆಂಬರಿನಲ್ಲಿ ಒಂದು ವಾರ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಸುಳ್ವಾಡಿಯೇ ಇತ್ತು. ಸಚಿವರು ಬಂದರು, ಕ್ಯಾಮೆರಾಗಳು ಬಂದವು. ಆ ಮುಖಪುಟಗಳೆಲ್ಲ ಯಾವ ಗಾಡಿಗೆ ಹೋದವು? ಪ್ರಸಾದದ ಅಡುಗೆಮನೆಗೆ ಯಾರು ಬೀಗ ಹಾಕಬೇಕು, ಯಾರು ಮೊದಲು ರುಚಿ ನೋಡಬೇಕು, ವಿಷ ಕುಡಿದವರನ್ನು ಉಳಿಸುವ ಯಂತ್ರ ಹನೂರಿನ ಸುತ್ತಮುತ್ತ ಎಷ್ಟಿರಬೇಕು ಎಂದೆಲ್ಲ ಅರ್ಜಿದಾರ ಬರೆದದ್ದು ಪುಟ 49ರಲ್ಲಿದೆ. ಅದು ಬಹುಶಃ ಇನ್ಯಾರದೋ ಮೆಣಸಿನಕಾಯಿ ಬಜ್ಜಿಗೆ ಹೋಗಿದೆ.

ಕೋರಿಕೆ ಸಣ್ಣದು. ತಮ್ಮ ರಾಶಿಯಲ್ಲಿ ಪುಟ 47 ಇನ್ನೂ ಇದ್ದರೆ ಎತ್ತಿಡಿ. ಉಳಿದ ಪುಟಗಳಲ್ಲಿ ಒಲೆ ಹೊತ್ತಿಸಿ, ಗಾಡಿಯ ಗಾಜು ಒರೆಸಿ, ತಕರಾರಿಲ್ಲ. ಬರುವ ಮಂಗಳವಾರ ಅರ್ಜಿದಾರ ಸೀಲಿಗಾಗಿ ಮತ್ತೆ ಅದೇ ಬೆಂಚಿಗೆ ಹೋಗುತ್ತಿದ್ದಾನೆ; ಈ ಸಲ ಇಂಕ್ ಪ್ಯಾಡ್ ತಾನೇ ಕೊಂಡು ಒಯ್ಯುತ್ತಾನೆ. ಸಂಜೆ ಐದರ ಹೊತ್ತಿಗೆ ಇಳಿಯುತ್ತಾನೆ. ಎರಡು ಬೋಂಡ, ಬಾಳೆ ಎಲೆಯಲ್ಲಿ.

ಇಂತಿ ತಮ್ಮ ವಿಶ್ವಾಸಿ,
ಅರ್ಜಿದಾರ
(ಸೀಲು ಇಲ್ಲ)